ಪಿಟೀಲು ಕಲಿಯುವವರಿಗೆ: ಮೇಷ್ಟ್ರ ಕಿವಿಯನ್ನು ಕಡ ತರುವುದು ಹೇಗೆ

ಯಾರಾದರೂ ಒಂದೇ ಮಾತನ್ನು ಎಳೆದೆಳೆದು ಹೇಳುತ್ತಿದ್ದರೆ "ಪಿಟೀಲು ಕುಯ್ಯಬೇಡ" ಅನ್ನುತ್ತೇವೆ. ವೀಣೆಯ ಹೆಸರಲ್ಲಿ ಯಾರೂ ಹೀಗೆ ಬೈಯುವುದಿಲ್ಲ. ಯಾಕೆ ಅಂತ ಮನೆಯಲ್ಲಿ ಪಿಟೀಲು ಕಲಿಯುವ ಮಗು ಇರುವವರಿಗೆ ಚೆನ್ನಾಗಿ ಗೊತ್ತು. ಮೊದಲ ಆರು ತಿಂಗಳು ಬರುವುದು ನಿಜಕ್ಕೂ ಕುಯ್ಯುವ ಸದ್ದೇ.

ನಾನು 11ನೇ ವಯಸ್ಸಿಗೆ ಮೈಸೂರಿನಲ್ಲಿ ಒಬ್ಬ ಹಿರಿಯ ವಿದ್ವಾಂಸರ ಮುಂದೆ ಕೂತೆ. ಈಗ ನಾನೇ ನಾಲ್ಕು ಮಕ್ಕಳಿಗೆ ಹೇಳಿಕೊಡುತ್ತೇನೆ. ಎರಡೂ ಕಡೆ ಕೂತು ನೋಡಿದ ಮೇಲೆ ಒಂದು ವಿಷಯ ಸ್ಪಷ್ಟವಾಗಿದೆ. ದೊಡ್ಡ ಗುರುಗಳ ಹತ್ತಿರ ಹೋಗುವವರು ಹೆಚ್ಚಾಗಿ ಕೃತಿಗಳ ಆಸೆಗೆ ಹೋಗುತ್ತಾರೆ. ಎಷ್ಟು ವರ್ಣ ಆಯಿತು, ಎಷ್ಟು ಕೀರ್ತನೆ ಆಯಿತು ಅಂತ ಲೆಕ್ಕ ಇಡುತ್ತಾರೆ. ಆದರೆ ಪಿಟೀಲಿನಲ್ಲಿ ಗುರುಗಳು ಕೊಡುವ ದೊಡ್ಡ ವಸ್ತು ಅವರ ಕಿವಿ. ವೀಣೆಯಲ್ಲಿ 24 ಮೆಟ್ಟಿಲುಗಳಿವೆ, ಬೆರಳಿಗೆ ಜಾಗ ಗೊತ್ತಾಗುತ್ತದೆ. ಪಿಟೀಲಿನ ಕಪ್ಪು ಹಲಗೆ ಖಾಲಿ. ಗಾಂಧಾರ, ಅಂದರೆ ಗ ಸ್ವರ, ಎಲ್ಲಿದೆ ಅಂತ ಹೇಳಲು ಅಲ್ಲಿ ಏನೂ ಇಲ್ಲ, ಕಿವಿಯೊಂದೇ ಹೇಳಬೇಕು. ನಿಮ್ಮ ಕಿವಿ ಬಲಿಯುವ ತನಕ ಮೇಷ್ಟ್ರ ಕಿವಿಯನ್ನು ಕಡ ತಂದು ಕೆಲಸ ನಡೆಸಬೇಕು.

ಇದಕ್ಕೆ ನಮ್ಮ ಮೈಸೂರಿನಲ್ಲೇ ದೊಡ್ಡ ಸಾಕ್ಷಿ ಇದೆ. ಪಿಟೀಲು ಚೌಡಯ್ಯನವರ ಹೆಸರು ಕೇಳದ ಕನ್ನಡಿಗರು ಕಡಿಮೆ. ನಾಲ್ಕು ತಂತಿಗೆ ಮತ್ತೆ ಮೂರು ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದವರು, ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಂಗಣಕ್ಕೇ ಅವರ ಹೆಸರಿದೆ. ಅವರ ಗುರು ಬಿಡಾರಂ ಕೃಷ್ಣಪ್ಪನವರು. ಕೃಷ್ಣಪ್ಪನವರು ಹೆಸರು ಮಾಡಿದ್ದು ಹಾಡುಗಾರರಾಗಿ! ಬೆರಳು ಎಲ್ಲಿಡಬೇಕು ಅನ್ನುವುದಕ್ಕಿಂತ ಏನು ಕೇಳಬೇಕು ಅನ್ನುವುದು ದೊಡ್ಡ ಪಾಠ ಅಂತ ನಾನು ಹೇಳುವುದು ಇದನ್ನು ನೋಡಿಯೇ.

1. ಗುರುಗಳನ್ನು ಹುಡುಕುವಾಗ

ಕಚೇರಿ ಕೇಳಿ ಗುರುಗಳನ್ನು ಆರಿಸಬೇಡಿ. ಅವರ ಶಿಷ್ಯರನ್ನು ಕೇಳಿ ಆರಿಸಿ. ವೇದಿಕೆಯ ಮೇಲೆ ಅದ್ಭುತವಾಗಿ ನುಡಿಸುವ ಎಲ್ಲರಿಗೂ ಕಲಿಸುವ ತಾಳ್ಮೆ ಇರುವುದಿಲ್ಲ. ಎರಡು ಮೂರು ವರ್ಷ ಕಲಿತ ಒಬ್ಬ ಹುಡುಗನೋ ಹುಡುಗಿಯೋ ನುಡಿಸುವುದನ್ನು ಕೇಳಿ. ವೇಗ ನೋಡಬೇಡಿ. ಶ್ರುತಿ ಸೇರಿದೆಯಾ, ಕಮಾನಿನ ನಾದ ತುಂಬಿ ಬರುತ್ತಿದೆಯಾ ಅಷ್ಟೇ ನೋಡಿ.

ಆಮೇಲೆ ಒಂದು ದಿನ ಪಾಠದಲ್ಲಿ ಸುಮ್ನೆ ಕೂತು ನೋಡಲು ಅನುಮತಿ ಕೇಳಿ. ಶಿಷ್ಯ ತಪ್ಪು ನುಡಿಸಿದಾಗ ಗುರುಗಳು ಏನು ಮಾಡುತ್ತಾರೆ? ನಿಲ್ಲಿಸುತ್ತಾರಾ, ಹಾಡಿ ತೋರಿಸುತ್ತಾರಾ, ಜೊತೆಗೆ ನುಡಿಸುತ್ತಾರಾ, ಇಲ್ಲಾ ಮೊಬೈಲ್ ನೋಡುತ್ತಾ ತಲೆ ಆಡಿಸುತ್ತಾರಾ? ಒಂದು ಗಂಟೆ ಕೂತರೆ ಸಾಕು, ತಿಳಿದುಬಿಡುತ್ತದೆ.

ಹಿರಿಯ ವಿದ್ವಾಂಸರು ಸರಳೆ ವರಸೆ (ಸರಿಗಮದ ಮೊದಲ ಪಾಠ) ಶುರು ಮಾಡುವ ಮಕ್ಕಳನ್ನು ನೇರವಾಗಿ ತೆಗೆದುಕೊಳ್ಳದೇ ಇರಬಹುದು. "ನಮ್ಮ ಶಿಷ್ಯೆ ಹತ್ತಿರ ಎರಡು ವರ್ಷ ಕಲಿತು ಬನ್ನಿ" ಅನ್ನುತ್ತಾರೆ. ಬೇಜಾರು ಬೇಡ. ಎಷ್ಟೋ ಸಲ ಆ ಶಿಷ್ಯೆಗೆ ಮಕ್ಕಳ ಕೈ ಹಿಡಿದು ಕೂರಿಸುವ ಸಹನೆ ಜಾಸ್ತಿ ಇರುತ್ತದೆ. ಬಾನಿ, ಅಂದರೆ ನುಡಿಸುವ ಶೈಲಿ, ಒಂದೇ ಆದ್ದರಿಂದ ಮುಂದೆ ಹೋದಾಗ ಕಲಿತದ್ದನ್ನು ಬಿಚ್ಚಿ ಮತ್ತೆ ಕಟ್ಟುವ ಕಷ್ಟವೂ ಇಲ್ಲ.

ದೂರವನ್ನೂ ಲೆಕ್ಕ ಹಾಕಿ. ಬೆಂಗಳೂರಿನಲ್ಲಿ ಒಂದು ಗಂಟೆ ಪಾಠಕ್ಕೆ ಹೋಗಿ ಬರಲು ಮೂರು ಗಂಟೆ ಟ್ರಾಫಿಕ್ಕಿನಲ್ಲಿ ಕೂತ ಮಗು, ಪಿಟೀಲು ಪೆಟ್ಟಿಗೆ ತೆರೆಯುವ ಹೊತ್ತಿಗೆ ಆಕಳಿಸುತ್ತಿರುತ್ತದೆ.

ಶುಲ್ಕವನ್ನು ಮೊದಲೇ ಕೇಳಿ. ಗುರುಗಳನ್ನು ಕೇಳಲು ಸಂಕೋಚ ಆದರೆ ಹಿರಿಯ ಶಿಷ್ಯರನ್ನು ಕೇಳಿ. ವಿಜಯದಶಮಿಗೆ ಪಾಠ ಶುರು ಮಾಡುವ, ಅವತ್ತು ಹಣ್ಣು ಎಲೆ ಅಡಿಕೆ ಇಟ್ಟು ನಮಸ್ಕಾರ ಮಾಡುವ ಪದ್ಧತಿ ಚೆಂದವೇ. ಆದರೆ "ನಿಮಗೆ ತೋಚಿದ್ದು ಕೊಡಿ" ಅನ್ನುವ ಮಾತಿನಿಂದ ಆಮೇಲೆ ಎರಡೂ ಕಡೆ ಮುಜುಗರ ಆಗುವುದನ್ನು ನಾನು ನೋಡಿದ್ದೇನೆ.

2. ವಾದ್ಯ

ಗುರುಗಳನ್ನು ಕೇಳದೆ ಪಿಟೀಲು ಕೊಳ್ಳಬೇಡಿ. ನಮ್ಮಪ್ಪ ಪ್ರೀತಿಯಿಂದ ನನಗೆ ದೊಡ್ಡವರ ಪಿಟೀಲು ತಂದಿದ್ದರು. "ಹೇಗಿದ್ರೂ ಬೆಳೀತಾನಲ್ಲ" ಅಂತ ಅವರ ಲೆಕ್ಕ. ಅಂಗಿ ಕೊಳ್ಳುವ ಲೆಕ್ಕ ಅದು. ನನ್ನ ಕೈ ಚಾಚಿ ಚಾಚಿ ಭುಜ ಮೇಲೆ ಹೋಗಿ, ಆ ಅಭ್ಯಾಸ ಬಿಡಿಸಲು ಮೇಷ್ಟ್ರಿಗೆ ಒಂದು ವರ್ಷ ಬೇಕಾಯಿತು. ಪಿಟೀಲು ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಹೀಗೆ ಅಳತೆಗಳಲ್ಲಿ ಸಿಗುತ್ತದೆ. ಆರೇಳು ವರ್ಷದ ಮಗುವಿಗೆ ಸಾಮಾನ್ಯವಾಗಿ ಕಾಲು ಅಳತೆ, ಎಂಟೊಂಬತ್ತಕ್ಕೆ ಅರ್ಧ, ಹತ್ತರ ಆಸುಪಾಸಿನಲ್ಲಿ ಮುಕ್ಕಾಲು, 11-12 ದಾಟಿದ ಮೇಲೆ ಪೂರ್ತಿ. ಇದು ವಯಸ್ಸಿನ ಅಂದಾಜು ಅಷ್ಟೇ. ನಿಜವಾದ ಅಳತೆ ತೋಳಿನದು. ಮಗುವನ್ನು ಕೂರಿಸಿ, ಹಿಡಿಸಿ ನೋಡಿಯೇ ಕೊಳ್ಳಬೇಕು. ಸಣ್ಣ ಅಳತೆಯವು ಬೇಗ ಚಿಕ್ಕದಾಗುತ್ತವೆ. ಹಿರಿಯ ಶಿಷ್ಯರ ಮನೆಯ ಅಟ್ಟದ ಮೇಲೆ ಒಂದು ಹಳೆಯದು ಇದ್ದರೆ ಕೇಳಿ ನೋಡಿ.

ಹೊಸ ಪಿಟೀಲನ್ನು ಹಾಗೇ ನುಡಿಸಲು ಆಗುವುದಿಲ್ಲ. ತಂತಿಯನ್ನು ಹೊತ್ತು ನಿಂತ ಕುದುರೆಯ ಎತ್ತರ ಸರಿ ಮಾಡಿಸಬೇಕು. ಕುದುರೆ ಎತ್ತರವಿದ್ದರೆ ತಂತಿ ಒತ್ತಲು ಬೆರಳು ನೋಯುತ್ತದೆ, ತಗ್ಗಿದ್ದರೆ ತಂತಿ ಹಲಗೆಗೆ ಬಡಿದು ಗಿರ್ ಅನ್ನುತ್ತದೆ. ನಾಲ್ಕೂ ತಂತಿಗೆ ಫೈನ್ ಟ್ಯೂನರ್ (ಶ್ರುತಿಯನ್ನು ಸ್ವಲ್ಪಸ್ವಲ್ಪವೇ ಸರಿ ಮಾಡುವ ಸಣ್ಣ ತಿರುಪು) ಹಾಕಿಸಿ. ತಂತಿ ಸುತ್ತಿರುವ ಬಿರಡೆ ತಿರುಗಿಸಿ ಸೂಕ್ಷ್ಮವಾಗಿ ಶ್ರುತಿ ಮಾಡುವುದು ಮಕ್ಕಳ ಕೈಗೆ ಸಿಗುವ ಕೆಲಸ ಅಲ್ಲ, ತಂತಿ ಕಡಿಯುವುದೇ ಜಾಸ್ತಿ.

ಮಳೆಗಾಲದಲ್ಲಿ ಮರ ಉಬ್ಬಿ ಬಿರಡೆ ಬಿಗಿಯುತ್ತದೆ. ಬೇಸಿಗೆಯಲ್ಲಿ ಜಾರುತ್ತದೆ. ಜಾರಿದರೆ ಬಿರಡೆಗೆ ಸ್ವಲ್ಪ ಸೀಮೆಸುಣ್ಣ ಸವರಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಪಿಟೀಲು ಬಿಟ್ಟು ಬರಬೇಡಿ, ಅಂಟು ಬಿಟ್ಟುಕೊಳ್ಳುತ್ತದೆ. ಕಮಾನಿನ ಕೂದಲನ್ನು ಕೈಯಲ್ಲಿ ಮುಟ್ಟಬೇಡಿ. ನುಡಿಸಿ ಮುಗಿದ ಕೂಡಲೇ ಕಮಾನಿನ ತಿರುಪು ಸಡಿಲಿಸಿ, ಇಲ್ಲದಿದ್ದರೆ ಕಡ್ಡಿ ಸೊಟ್ಟಗಾಗುತ್ತದೆ. ಕಮಾನಿನ ಕೂದಲಿಗೆ ಉಜ್ಜುವ ರಾಳ, ಅಂದರೆ ರೋಸಿನ್, ಹೊಸದಿದ್ದಾಗ ಗಾಜಿನ ಹಾಗೆ ನುಣುಪಾಗಿರುತ್ತದೆ, ಕೂದಲಿಗೆ ಹತ್ತುವುದೇ ಇಲ್ಲ. ಉಪ್ಪುಕಾಗದದಲ್ಲಿ ಸ್ವಲ್ಪ ಉಜ್ಜಿ ಆಮೇಲೆ ಬಳಸಿ. ಪಿಟೀಲು ಕೆಟ್ಟಿದೆ, ಸದ್ದೇ ಬರುತ್ತಿಲ್ಲ ಅಂತ ಅಂಗಡಿಗೆ ವಾಪಸು ಒಯ್ದವರಿದ್ದಾರೆ. ನಾವೂ ಒಯ್ದಿದ್ದೆವು.

3. ಕೂರುವುದು

ಪಾಶ್ಚಾತ್ಯ ಸಂಗೀತದವರು ಪಿಟೀಲನ್ನು ಗಲ್ಲದ ಕೆಳಗೆ ಸಿಕ್ಕಿಸಿಕೊಂಡು ನುಡಿಸುತ್ತಾರೆ. ನಾವು ನೆಲದ ಮೇಲೆ ಕೂತು, ಬಲಗಾಲನ್ನು ಸ್ವಲ್ಪ ಮುಂದೆ ಚಾಚಿ, ಪಿಟೀಲಿನ ತಲೆಯನ್ನು ಬಲಪಾದದ ಗಂಟಿನ ಹತ್ತಿರ ಆನಿಸುತ್ತೇವೆ. ಇನ್ನೊಂದು ತುದಿ ಎದೆಯ ಎಡಭಾಗಕ್ಕೆ, ಭುಜದ ಹತ್ತಿರ ಒರಗುತ್ತದೆ. ಇದು ಬರೀ ಸಂಪ್ರದಾಯ ಅಲ್ಲ. ಎರಡು ಕಡೆ ಆಧಾರ ಸಿಕ್ಕಿದ್ದರಿಂದ ಎಡಗೈ ಪಿಟೀಲನ್ನು ಹೊರಬೇಕಾಗಿಲ್ಲ. ಹೊರದ ಕೈ ತಂತಿಯ ಮೇಲೆ ಮೇಲಕ್ಕೂ ಕೆಳಕ್ಕೂ ಜಾರಬಹುದು. ಜಾರದಿದ್ದರೆ ಗಮಕ, ಅಂದರೆ ಸ್ವರದ ತೂಗಾಟ, ಎಲ್ಲಿಂದ ಬರಬೇಕು?

ಮೂರು ಸಂಗತಿ ಗಮನಿಸಿ. ಎಡಗೈ ತೆಗೆದರೂ ಪಿಟೀಲು ಬೀಳಬಾರದು. ಭುಜ ಎರಡೂ ಒಂದೇ ಎತ್ತರದಲ್ಲಿರಬೇಕು. ಬೆನ್ನು ನೆಟ್ಟಗಿರಬೇಕು. ಜಮಖಾನ ಹಾಸಿ ಕೂರಿ, ಸೋಫಾದ ಮೇಲೆ ಬೇಡ. ಕಾಲು ಜೋಮು ಹಿಡಿಯುವುದು ಮೊದಮೊದಲು ಸಹಜ. ಭುಜ, ಕತ್ತು, ಮಣಿಕಟ್ಟು ನೋಯುವುದು ಸಹಜ ಅಲ್ಲ. "ನೋವು ಸಹಿಸಿಕೊಂಡವನೇ ವಿದ್ವಾಂಸ" ಅನ್ನುವ ಮಾತು ನಂಬಬೇಡಿ. ಗುರುಗಳಿಗೆ ಹೇಳಿ, ಕೂರುವುದರಲ್ಲಿ ಎಲ್ಲೋ ತಪ್ಪಿದೆ.

4. ಖಾಲಿ ತಂತಿಯ ತಿಂಗಳು

ಒಳ್ಳೆಯ ಗುರುಗಳು ಮೊದಲ ಕೆಲವು ವಾರ ಎಡಗೈಗೆ ಕೆಲಸವನ್ನೇ ಕೊಡುವುದಿಲ್ಲ. ಬರೀ ಕಮಾನು. ನನಗೆ ಮೇಷ್ಟ್ರು ಏಳು ವಾರ ಷಡ್ಜ ಪಂಚಮ (ಸ, ಪ) ಬಿಟ್ಟು ಬೇರೇನೂ ಕೊಡಲಿಲ್ಲ. ಅಮ್ಮನಿಗೆ ಸಿಟ್ಟು ಬಂದಿತ್ತು. ಪಕ್ಕದ ಮನೆ ಹುಡುಗಿ ಅಷ್ಟರಲ್ಲಿ ಕೀಬೋರ್ಡಿನಲ್ಲಿ ಎರಡು ಹಾಡು ನುಡಿಸುತ್ತಿದ್ದಳು.

ಆದರೆ ಕಮಾನಿನಲ್ಲಿ ನಡೆಯುವುದೇನು ನೋಡಿ. ರೋಸಿನ್ ಹತ್ತಿದ ಕೂದಲು ತಂತಿಯನ್ನು ಹಿಡಿದು ಎಳೆಯುತ್ತದೆ, ತಂತಿ ಜಾರಿ ತಪ್ಪಿಸಿಕೊಳ್ಳುತ್ತದೆ, ಮತ್ತೆ ಹಿಡಿಯುತ್ತದೆ. ಜಿ ಶ್ರುತಿಯಲ್ಲಿ, ಅಂದರೆ ಷಡ್ಜವನ್ನು ಪಾಶ್ಚಾತ್ಯರ ಜಿ ಸ್ವರಕ್ಕೆ ಸೇರಿಸಿದಾಗ, ಮಧ್ಯ ಷಡ್ಜದ ತಂತಿ ಸೆಕೆಂಡಿಗೆ ಸುಮಾರು 392 ಸಲ ಹೀಗೆ ಸಿಕ್ಕಿ ಬಿಡಿಸಿಕೊಳ್ಳುತ್ತದೆ. ಕಮಾನಿನ ಭಾರ ಮತ್ತು ವೇಗ ಹೊಂದದಿದ್ದರೆ ಈ ಲಯ ತಪ್ಪುತ್ತದೆ. ಭಾರ ಜಾಸ್ತಿ, ವೇಗ ಕಡಿಮೆ ಆದರೆ ಕರಕರ ಸದ್ದು. ಭಾರ ಕಡಿಮೆ, ವೇಗ ಜಾಸ್ತಿ ಆದರೆ ಸಿಳ್ಳೆಯ ಹಾಗೆ ತೆಳು ಸದ್ದು. ಕುದುರೆಯ ತೀರಾ ಹತ್ತಿರ ಹೋದರೆ ಕೀರಲು. ಈ ಮೂರನ್ನು ಕಿವಿಯಿಂದಲೇ ಬೇರೆ ಬೇರೆ ಗುರುತಿಸಲು ಬಂದರೆ, ಮನೆಯಲ್ಲಿ ಒಬ್ಬರೇ ಕೂತಾಗಲೂ ನಿಮ್ಮನ್ನು ನೀವೇ ತಿದ್ದಿಕೊಳ್ಳಬಹುದು.

ಮಾಡಬೇಕಾದ್ದು ಇಷ್ಟು. ತಂಬೂರ ಹಾಕಿಕೊಳ್ಳಿ. ಒಂದು ತಂತಿಯ ಮೇಲೆ ಕಮಾನಿನ ಬುಡದಿಂದ ತುದಿಯ ತನಕ ನಿಧಾನವಾಗಿ ಎಳೆಯಿರಿ. ಮೊದಲ ವಾರ ಮನಸ್ಸಿನಲ್ಲಿ ನಾಲ್ಕು ಎಣಿಸುವಷ್ಟು, ಆಮೇಲೆ ಎಂಟು, ಆಮೇಲೆ ಹನ್ನೆರಡು. ಮುಂದೆ ಒಂದು ಕನ್ನಡಿ ಇಟ್ಟುಕೊಂಡು, ಕಮಾನು ಕುದುರೆಗೆ ಸಮಾನಾಂತರವಾಗಿ ಹೋಗುತ್ತಿದೆಯಾ ನೋಡಿ. ಹತ್ತು ನಿಮಿಷ ಸಾಕು. ಈ ಹತ್ತು ನಿಮಿಷವನ್ನು ಮೂವತ್ತು ವರ್ಷ ಆದ ಮೇಲೂ ಬಿಡಬೇಡಿ.

5. ಶ್ರುತಿ

ನಮ್ಮ ಪಿಟೀಲಿನ ನಾಲ್ಕು ತಂತಿ ಮಂದ್ರ ಷಡ್ಜ, ಮಂದ್ರ ಪಂಚಮ, ಮಧ್ಯ ಷಡ್ಜ, ಮಧ್ಯ ಪಂಚಮ. ಮಂದ್ರ ಅಂದರೆ ಕೆಳಗಿನ ಸ್ಥಾಯಿ, ಮಧ್ಯ ಅಂದರೆ ನಡುವಿನದು. ಮೊಬೈಲಿನಲ್ಲಿ ಟ್ಯೂನರ್ ಆ್ಯಪ್ ಇದೆ ನಿಜ. ನನ್ನ ಸಲಹೆ: ಆ್ಯಪಿನ ಮುಳ್ಳು ನೋಡಿ ಒಂದು ಷಡ್ಜ ಮಾತ್ರ ಸೇರಿಸಿ. ಉಳಿದ ಮೂರನ್ನು ಕಿವಿಯಿಂದ. ಷಡ್ಜ ಪಂಚಮ ಎರಡೂ ತಂತಿಯ ಮೇಲೆ ಒಟ್ಟಿಗೆ ಕಮಾನು ಎಳೆಯಿರಿ. ಸೇರದಿದ್ದರೆ ನಾದದಲ್ಲಿ ಒಂದು ಅಲುಗಾಟ ಕೇಳುತ್ತದೆ, ವಂವಂ ಅನ್ನುವ ಹಾಗೆ. ಸೇರುತ್ತಾ ಬಂದ ಹಾಗೆ ಅದು ನಿಧಾನವಾಗಿ ನಿಂತುಬಿಡುತ್ತದೆ. ಆ ನಿಲ್ಲುವ ಕ್ಷಣ ಒಮ್ಮೆ ಕೇಳಿಸಿದರೆ ಸಾಕು, ಮಕ್ಕಳಿಗೆ ಮುಳ್ಳು ನೋಡುವ ಆಸೆಯೇ ಹೋಗುತ್ತದೆ.

ಹಲಗೆಯ ಮೇಲೆ ಬಣ್ಣದ ಅಂಟುಪಟ್ಟಿ ಹಚ್ಚಿ ಸ್ವರಸ್ಥಾನ ಗುರುತು ಮಾಡುವವರಿದ್ದಾರೆ. ಜಗಳ ಬೇಡ, ಮೊದಲ ಎರಡು ಮೂರು ತಿಂಗಳು ಇರಲಿ. ಆಮೇಲೆ ಕಿತ್ತು ಹಾಕಿ. ಯಾಕೆಂದರೆ ನಮ್ಮ ಸ್ವರಗಳು ಆ ಪಟ್ಟಿಯ ಮೇಲೆ ನಿಲ್ಲುವುದಿಲ್ಲ. ತೋಡಿ ರಾಗದ ಗಾಂಧಾರವನ್ನು ತೆಗೆದುಕೊಳ್ಳಿ. ಅದು ರಿಷಭದ ಕಡೆಯಿಂದ ಮಧ್ಯಮದ ಕಡೆಗೆ ತೂಗುತ್ತಲೇ ಇರುತ್ತದೆ. ಅದಕ್ಕೆ ಪಟ್ಟಿ ಎಲ್ಲಿ ಹಚ್ಚುತ್ತೀರಿ?

6. ಪಾಠದ ಒಂದು ಗಂಟೆ

ಈ ಒಂದು ಗಂಟೆಯನ್ನು ಹೇಗೆ ಬಳಸುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಬಹಳ ಮಕ್ಕಳು, ಅವರಿಗಿಂತ ಹೆಚ್ಚಾಗಿ ಅವರ ಅಪ್ಪ ಅಮ್ಮ, ಇದನ್ನು ಹಾಳು ಮಾಡಿಕೊಳ್ಳುತ್ತಾರೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಅರ್ಧ ಗಂಟೆ ಮುಂಚೆ ಹೋಗಿ. ನಿಮಗಿಂತ ಮುಂದಿನ ಹಂತದವರ ಪಾಠ ನಡೆಯುತ್ತಿರುತ್ತದೆ. ಮೂಲೆಯಲ್ಲಿ ಸುಮ್ನೆ ಕೂರಿ. ನಮ್ಮ ಮೇಷ್ಟ್ರ ಮನೆಯಲ್ಲಿ ನನಗಿಂತ ಮುಂಚೆ ಒಬ್ಬ ಅಕ್ಕ ಪಾಠಕ್ಕೆ ಬರುತ್ತಿದ್ದರು. ಅವರಿಗೆ ಮೇಷ್ಟ್ರು ಒಂದು ಸಂಗತಿಯನ್ನು (ಒಂದೇ ಸಾಲನ್ನು ಸ್ವಲ್ಪ ಬದಲಿಸಿ ನುಡಿಸುವ ರೂಪ) ಹದಿನೈದು ಸಲ ನುಡಿಸಲು ಹೇಳಿದ್ದರು. ಹದಿನಾಲ್ಕು ಸಲವೂ ಸರಿಯಾಗೇ ಇದೆ ಅಂತ ನನಗನ್ನಿಸುತ್ತಿತ್ತು. ಹದಿನೈದನೆಯದಕ್ಕೆ ಮೇಷ್ಟ್ರು "ಹಾಂ" ಅಂದರು. ಏನು ಬದಲಾಯಿತು ಅಂತ ನನಗೆ ತಿಳಿಯಲಿಲ್ಲ. ಆಮೇಲೆ ಎಷ್ಟೋ ತಿಂಗಳು ಆ ಮೂಲೆಯಲ್ಲಿ ಕೂತು "ಹಾಂ" ಯಾವಾಗ ಬರುತ್ತದೆ ಅಂತ ಮನಸ್ಸಿನಲ್ಲೇ ಪಂದ್ಯ ಕಟ್ಟುತ್ತಿದ್ದೆ. ಎರಡನೇ ವರ್ಷದ ಹೊತ್ತಿಗೆ ಹತ್ತರಲ್ಲಿ ಆರೇಳು ಸಲ ಗೆಲ್ಲುತ್ತಿದ್ದೆ. ದುಡ್ಡಿಲ್ಲದೆ ಸಿಕ್ಕ ಪಾಠ ಅದು.

ನಿಮ್ಮ ಸರದಿ ಬಂದಾಗ ಮೊದಲು ಕಳೆದ ವಾರದ್ದನ್ನು ನುಡಿಸಿ. ತಪ್ಪಾದ ಕೂಡಲೇ "ಮನೇಲಿ ಸರಿ ಬರ್ತಿತ್ತು" ಅನ್ನಬೇಡಿ. ಎಲ್ಲರೂ ಹೇಳುವ ಮಾತು ಅದು, ಗುರುಗಳಿಗೆ ಕೇಳಿ ಸಾಕಾಗಿರುತ್ತದೆ.

ಹೊಸದನ್ನು ಗುರುಗಳು ನುಡಿಸುವಾಗ ಪುಸ್ತಕ ಮುಚ್ಚಿಡಿ, ಪಿಟೀಲು ಮಡಿಲಲ್ಲಿ ಇರಲಿ. ಮೊದಲು ಬಾಯಲ್ಲಿ ಹಾಡಿ, ಕೈಯಲ್ಲಿ ತಾಳ ಹಾಕಿ. ಪಿಟೀಲು ನುಡಿಸುವವರಿಗೆ ಒಂದು ತಾಪತ್ರಯ ಇದೆ ನೋಡಿ. ಎರಡು ಕೈಗೂ ಕೆಲಸ, ಬಲಗಾಲಿನ ಮೇಲೆ ಪಿಟೀಲು. ತಾಳ ಯಾರು ಹಾಕಬೇಕು? ಹಾಡಿ ಹಾಡಿ ತಾಳ ಮೈಯೊಳಗೆ ಇಳಿದಿದ್ದರೆ ಮಾತ್ರ ನುಡಿಸುವಾಗ ಅದು ತಾನಾಗೇ ನಡೆಯುತ್ತದೆ. ದನಿ ಚೆನ್ನಾಗಿಲ್ಲ ಅಂತ ನಾಚಬೇಡಿ, ಶ್ರುತಿ ಸೇರಿದರೆ ಸಾಕು. ಹಾಡಲು ಬಾರದ ಸಾಲು ಬೆರಳಿಗೂ ಬರುವುದಿಲ್ಲ.

ಆಮೇಲೆ ಗುರುಗಳ ಬೆರಳು ನೋಡಿ. ಒಂದೇ ಸ್ವರಗುಚ್ಛವನ್ನು ಒಬ್ಬರು ಮೂರು ಬೆರಳಲ್ಲಿ ನುಡಿಸುತ್ತಾರೆ, ಇನ್ನೊಬ್ಬರು ಒಂದೇ ಬೆರಳನ್ನು ಜಾರಿಸಿ ತರುತ್ತಾರೆ. ಎರಡರ ನಾದ ಬೇರೆ. ಬಾನಿ ಅಂದರೆ ಇಂಥ ಸಣ್ಣ ಸಣ್ಣ ತೀರ್ಮಾನಗಳ ಮೊತ್ತವೇ. ಕಮಾನು ಎಲ್ಲಿ ತಿರುಗಿತು ಅನ್ನುವುದನ್ನೂ ನೋಡಿಕೊಳ್ಳಿ. ಸಾಹಿತ್ಯದ ಪದ ಒಡೆಯುವ ಕಡೆ ಕಮಾನು ತಿರುಗಿಸಿದರೆ, ಹಾಡುಗಾರರು ಪದದ ನಡುವೆ ಉಸಿರು ತೆಗೆದ ಹಾಗೆ ಕೇಳುತ್ತದೆ.

ಪ್ರಶ್ನೆ ಕೇಳಿ. ಆದರೆ "ಇದು ಹೇಗೆ?" ಅಂತ ಗಾಳಿಗೆ ಎಸೆಯಬೇಡಿ. ನುಡಿಸಿ ತೋರಿಸಿ ಕೇಳಿ. "ಗುರುಗಳೇ, ಈ ಧೈವತ ನಾನು ಹೀಗೆ ತೆಗೀತಿದ್ದೀನಿ, ನಿಮ್ಮ ಹಾಗೆ ಕೇಳ್ತಿಲ್ಲ. ಇನ್ನೊಂದ್ಸಲ ನುಡಿಸ್ತೀರಾ?" ಇಂಥ ಪ್ರಶ್ನೆಗೆ ಕೋಪಿಷ್ಠ ಗುರುಗಳೂ ಕರಗುತ್ತಾರೆ. ಒಂದು ಸಲ ಬದಲು ನಾಲ್ಕು ಸಲ ನುಡಿಸುತ್ತಾರೆ.

ರೆಕಾರ್ಡ್ ಮಾಡುವುದಿದ್ದರೆ ಅನುಮತಿ ಕೇಳಿ. ಇಡೀ ಗಂಟೆ ಬೇಡ, ಯಾರೂ ಅದನ್ನು ಮತ್ತೆ ಕೇಳುವುದಿಲ್ಲ. ಕೊನೆಯಲ್ಲಿ "ಒಮ್ಮೆ ಪೂರ್ತಿ ನುಡಿಸಿ ಕೊಡಿ" ಅಂತ ಕೇಳಿ ಐದು ನಿಮಿಷದ್ದು ಮಾಡಿಕೊಳ್ಳಿ. ಅದನ್ನು ಎಲ್ಲೂ ಹಾಕಬೇಡಿ, ವಾಟ್ಸಾಪ್ ಸ್ಟೇಟಸ್ಸಿಗೂ ಬೇಡ. ಗುರುಗಳು ಮನೆಯಂಗಳದಲ್ಲಿ ನಿಮಗೋಸ್ಕರ ನುಡಿಸಿದ್ದು ಅದು.

7. ಪಾಠದಿಂದ ಪಾಠದವರೆಗೆ

ಮುಖ್ಯವಾದ ಅಭ್ಯಾಸ ಪಾಠ ಮುಗಿದ ಅವತ್ತೇ. ಮನೆಗೆ ಬಂದು ಕೈಕಾಲು ತೊಳೆದು, ಕಾಫಿಯೋ ಹಾಲೋ ಕುಡಿದು, ಇಪ್ಪತ್ತು ನಿಮಿಷ ಕೂರಿ. ಮೇಷ್ಟ್ರ ನಾದ ಇನ್ನೂ ಕಿವಿಯಲ್ಲಿ ಗುಂಯ್ ಅನ್ನುತ್ತಿರುವಾಗಲೇ ಹೊಸ ಸಾಲನ್ನು ಹಿಡಿಯಬೇಕು. ಮಾರನೇ ದಿನ ಅರ್ಧ ಹೋಗಿರುತ್ತದೆ. ಮೂರನೇ ದಿನ ನಿಮ್ಮದೇ ಒಂದು ಹೊಸ ತಪ್ಪು ಅದರ ಜಾಗದಲ್ಲಿ ಬಂದು ಕೂತಿರುತ್ತದೆ.

ಉಳಿದ ದಿನಗಳಿಗೆ ಮುಕ್ಕಾಲು ಗಂಟೆಯ ಒಂದು ಕ್ರಮ ಹೇಳುತ್ತೇನೆ. ಹತ್ತು ನಿಮಿಷ ಉದ್ದ ಕಮಾನು. ಹದಿನೈದು ನಿಮಿಷ ಸರಳೆ, ಜಂಟಿ, ದಾಟು, ಅಲಂಕಾರಗಳಲ್ಲಿ ಒಂದೆರಡು, ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ. ಮಾಯಾಮಾಳವಗೌಳ ರಾಗದಲ್ಲಿ ಗಟ್ಟಿಯಾದ ಮೇಲೆ ಅದೇ ವರಸೆಯನ್ನು ಶಂಕರಾಭರಣದಲ್ಲಿ, ಕಲ್ಯಾಣಿಯಲ್ಲಿ ನುಡಿಸಿ. ಪುರಂದರದಾಸರು ಹಾಕಿಕೊಟ್ಟದ್ದು ಅಂತ ನಾವು ಹೇಳುವ ಈ ಪಾಠಗಳನ್ನು ವರ್ಣ ಶುರುವಾದ ಕೂಡಲೇ ಅಟ್ಟಕ್ಕೆ ಹಾಕುವವರು ಬಹಳ. ಮೂರನೇ ಕಾಲದಲ್ಲಿ ಜಂಟಿ ವರಸೆ ಶುದ್ಧವಾಗಿ ಬರುತ್ತದೆಯಾ ಅಂತ ಅವರನ್ನೇ ಕೇಳಿ ನೋಡಿ. ಉಳಿದ ಇಪ್ಪತ್ತು ನಿಮಿಷ ಈಗಿನ ಪಾಠ.

ಈಗಿನ ಪಾಠವನ್ನು ಮೊದಲಿಂದ ಶುರು ಮಾಡಬೇಡಿ. ನಾನು ವರ್ಷಗಟ್ಟಲೆ ಮಾಡಿದ ತಪ್ಪು ಇದು. ದಿನಾ ಪಲ್ಲವಿಯಿಂದ ಹೊರಡುವುದು, ಚರಣಕ್ಕೆ ಬರುವ ಹೊತ್ತಿಗೆ ಸುಸ್ತಾಗಿ ಬಿಡುವುದು. ಪಲ್ಲವಿ ಹೊಳೆಯುತ್ತಿತ್ತು, ಆಮೇಲೆ ಬರುವ ಚಿಟ್ಟೆಸ್ವರ (ಸ್ವರಗಳ ಭಾಗ) ಧೂಳು ಹಿಡಿದಿತ್ತು. ಮೇಷ್ಟ್ರು ಒಂದು ದಿನ "ಏನಪ್ಪಾ, ದಿನಾ ಬಾಗಿಲ ಮುಂದೆ ಮಾತ್ರ ಗುಡಿಸ್ತೀಯಾ, ಒಳಗೆ ಯಾವಾಗ?" ಅಂದರು. ಅವತ್ತಿನಿಂದ ಕೊನೆಯ ಸಾಲಿನಿಂದ ಹಿಂದಕ್ಕೆ ಬರುವುದನ್ನು ಕಲಿತೆ.

ಒಂದು ಸಾಲು ತಪ್ಪುತ್ತಿದ್ದರೆ ಇಡೀ ಸಾಲು ತಪ್ಪುತ್ತಿರುವುದಿಲ್ಲ. ಎಲ್ಲೋ ನಾಲ್ಕೈದು ಸ್ವರ ತಪ್ಪುತ್ತಿರುತ್ತದೆ. ಸಾಮಾನ್ಯವಾಗಿ ತಂತಿ ಬದಲಾಗುವ ಕಡೆ, ಇಲ್ಲಾ ಕೈ ಮೇಲಕ್ಕೆ ಜಾರುವ ಕಡೆ. ಅಷ್ಟನ್ನು ಮಾತ್ರ ಕಿತ್ತು, ಅರ್ಧ ವೇಗದಲ್ಲಿ, ಐದು ಸಲ ಸತತವಾಗಿ ಸರಿ ಬರುವ ತನಕ ನುಡಿಸಿ. ನಾಲ್ಕನೆಯದರಲ್ಲಿ ತಪ್ಪಿದರೆ ಮತ್ತೆ ಒಂದರಿಂದ. ಹಟ ಬರುತ್ತದೆ, ಬರಲಿ.

ವಾರಕ್ಕೊಮ್ಮೆ ನಿಮ್ಮದನ್ನೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಮಾರನೇ ದಿನ ಕೇಳಿ. ಅವತ್ತೇ ಕೇಳಿದರೆ ಕಿವಿ ನಿಮ್ಮ ಪಕ್ಷ ವಹಿಸುತ್ತದೆ. ಮೇಷ್ಟ್ರು ಎಲ್ಲಿ ನಿಲ್ಲಿಸುತ್ತಿದ್ದರು ಅಂತ ಗುರುತು ಹಾಕಿಕೊಳ್ಳಿ. ಪಾಠಕ್ಕೆ ಹೋದಾಗ ಅವರು ಅಲ್ಲೇ ನಿಲ್ಲಿಸಿದರೆ, ಕಡ ತಂದದ್ದು ಸ್ವಂತದ್ದಾಗುತ್ತಿದೆ ಅಂತ ಲೆಕ್ಕ.

ಬೆರಳು ಜಾರಲು ಕೆಲವರು ತುದಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ಹಚ್ಚಿದರೆ ಒಂದೇ ಹನಿ, ಅದೂ ಎಡಗೈಗೆ ಮಾತ್ರ. ಕಮಾನಿನ ಕೂದಲಿಗೆ ಎಣ್ಣೆ ತಗುಲಿದರೆ ಆ ಕೂದಲು ಮುಗಿದ ಹಾಗೆ.

8. ಅಪ್ಪ ಅಮ್ಮನಿಗೆ

ಪಕ್ಕದಲ್ಲಿ ಕೂತು ತಿದ್ದಬೇಡಿ. "ಮೇಷ್ಟ್ರು ಇವತ್ತು ಏನು ನುಡಿಸಿದ್ರು, ಹಾಡಿ ತೋರ್ಸು" ಅಂತ ಕೇಳಿ, ಅಷ್ಟೇ ದೊಡ್ಡ ಸಹಾಯ. ಎಸ್ಸೆಸ್ಸೆಲ್ಸಿ ವರ್ಷ ಪಿಟೀಲನ್ನು ಪೂರ್ತಿ ಬಿಡಿಸಬೇಡಿ. ದಿನಕ್ಕೆ ಹದಿನೈದು ನಿಮಿಷ ಕಮಾನು ಎಳೆದರೂ ಕೈ ಉಳಿಯುತ್ತದೆ. ಒಂದು ವರ್ಷ ಬಿಟ್ಟವರು ಮತ್ತೆ ಪೆಟ್ಟಿಗೆ ತೆರೆಯುವುದು ಕಡಿಮೆ.

ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿವೆ. ಒಂದು ಗುರಿ ಇರುತ್ತದೆ, ಲಕ್ಷಣ ಭಾಗವನ್ನೂ (ಸಂಗೀತಶಾಸ್ತ್ರ) ಓದುತ್ತಾರೆ, ಒಳ್ಳೆಯದೇ. ಆದರೆ ಯಾವ ವರ್ಷ ಕೂರಬೇಕು ಅನ್ನುವುದನ್ನು ಗುರುಗಳಿಗೆ ಬಿಡಿ. ಪರೀಕ್ಷೆಗಾಗಿ ಕೃತಿಗಳನ್ನು ತುರುಕಿದ ವರ್ಷ ನಾದ ಹಿಂದೆ ಬೀಳುತ್ತದೆ.

ಇನ್ನೊಂದು ಮಾತು, ಗಟ್ಟಿಯಾಗಿಯೇ ಹೇಳುತ್ತೇನೆ. ಶಿಸ್ತು ಬೇರೆ, ಅವಮಾನ ಬೇರೆ. ಹೊಡೆಯುವುದು, ಎಲ್ಲರ ಮುಂದೆ ಹಂಗಿಸುವುದು, ಬಾಗಿಲು ಹಾಕಿಕೊಂಡು ಪೋಷಕರು ಬರಬಾರದು ಅನ್ನುವುದು, ಇವಕ್ಕೆ ಗುರುಕುಲ ಅಂತ ಹೆಸರಿಡಬೇಡಿ. ಎಷ್ಟೇ ದೊಡ್ಡ ಹೆಸರಿದ್ದರೂ ಮಗುವನ್ನು ಕರೆದುಕೊಂಡು ಬನ್ನಿ.

9. ದೂರದಲ್ಲಿರುವವರು

ಅಮೆರಿಕದಲ್ಲೋ ದುಬೈನಲ್ಲೋ ಇದ್ದುಕೊಂಡು ಬೆಂಗಳೂರು ಮೈಸೂರಿನ ಗುರುಗಳ ಹತ್ತಿರ ವಿಡಿಯೋದಲ್ಲಿ ಕಲಿಯುವ ಕನ್ನಡದ ಮಕ್ಕಳು ಈಗ ಬಹಳ. ಸದ್ದು ತಡವಾಗಿ ತಲುಪುವುದರಿಂದ ಇಬ್ಬರೂ ಒಟ್ಟಿಗೆ ನುಡಿಸಲು ಆಗುವುದಿಲ್ಲ. ಅವರು ನುಡಿಸಿ ನಿಲ್ಲಿಸಬೇಕು, ಆಮೇಲೆ ನೀವು. ಝೂಮ್ ಬಳಸುತ್ತಿದ್ದರೆ ಸೆಟ್ಟಿಂಗಿನಲ್ಲಿ ಒರಿಜಿನಲ್ ಸೌಂಡ್ ಆನ್ ಮಾಡಿ. ಇಲ್ಲದಿದ್ದರೆ ಅದು ತಂಬೂರವನ್ನು ಗದ್ದಲ ಅಂದುಕೊಂಡು ನುಂಗಿಬಿಡುತ್ತದೆ, ಉದ್ದ ಕಮಾನಿನ ನಾದವನ್ನೂ ನಡುವೆ ಕತ್ತರಿಸುತ್ತದೆ. ಕ್ಯಾಮೆರಾ ಮುಖಕ್ಕೆ ಬೇಡ. ಎಡಬೆರಳು, ಕಮಾನು, ಬಲಮೊಣಕೈ ಮೂರೂ ಕಾಣುವ ಹಾಗೆ ಇಡಿ. ರಜೆಯಲ್ಲಿ ಊರಿಗೆ ಬಂದಾಗ ಮದುವೆ ಮುಂಜಿ ತಿರುಗಾಟದ ನಡುವೆ ಮೂರು ವಾರವಾದರೂ ಎದುರು ಕೂತು ಪಾಠ ಹೇಳಿಸಿಕೊಳ್ಳಿ. ಕಮಾನಿನ ಭಾರ ಪರದೆಯಲ್ಲಿ ಸರಿಯಾಗಿ ತಿಳಿಯುವುದಿಲ್ಲ.

10. ಕೇಳುವುದು

ಬೆಂಗಳೂರಿನಲ್ಲಿರುವವರು ರಾಮನವಮಿ ಸಮಯದಲ್ಲಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನಕ್ಕೆ ಹೋಗಿ. 1939ರಿಂದ ಶ್ರೀ ರಾಮಸೇವಾ ಮಂಡಳಿ ನಡೆಸುತ್ತಿರುವ ಉತ್ಸವ ಅದು. 1905ರಲ್ಲಿ ಶುರುವಾದ ಗಾಯನ ಸಮಾಜದಲ್ಲೂ ಕಚೇರಿಗಳು ನಡೆಯುತ್ತವೆ. ಹೋದಾಗ ಹಾಡುಗಾರರನ್ನು ಬಿಟ್ಟು ಒಂದು ಗಂಟೆ ಪಿಟೀಲಿನವರನ್ನು ಮಾತ್ರ ನೋಡಿ. ಆಲಾಪನೆಯಲ್ಲಿ ಹಾಡುಗಾರರ ಹಿಂದೆ ನೆರಳಿನ ಹಾಗೆ ಹೇಗೆ ಬರುತ್ತಾರೆ, ಎಲ್ಲಿ ಸುಮ್ಮನಾಗುತ್ತಾರೆ, ಹಾಡುಗಾರರು ಉಸಿರು ತೆಗೆದುಕೊಂಡಾಗ ಆ ಸ್ವರವನ್ನು ಹೇಗೆ ಹಿಡಿದಿಟ್ಟಿರುತ್ತಾರೆ.

ಮನೆಯಲ್ಲಿ ಕೇಳಲು ಒಂದು ಆಟ ಹೇಳುತ್ತೇನೆ. ಟಿ.ಎನ್. ಕೃಷ್ಣನ್, ಲಾಲ್ಗುಡಿ ಜಯರಾಮನ್, ಎಂ.ಎಸ್. ಗೋಪಾಲಕೃಷ್ಣನ್ ಈ ಮೂವರು ಪಿಟೀಲು ವಿದ್ವಾಂಸರದ್ದೂ ಒಂದೇ ರಾಗದ ಆಲಾಪನೆ ಹುಡುಕಿ, ಒಬ್ಬರಾದ ಮೇಲೆ ಒಬ್ಬರದ್ದು ಐದೈದು ನಿಮಿಷ ಕೇಳಿ. ಯಾರು ಹೆಚ್ಚು ಅಂತ ಜಗಳ ಆಡಬೇಡಿ, ಅದಕ್ಕೆ ಬೇರೆ ಜನ ಇದ್ದಾರೆ. ಕಣ್ಣು ಮುಚ್ಚಿ ಯಾರದ್ದು ಅಂತ ಗುರುತಿಸಲು ಎಷ್ಟು ದಿನ ಬೇಕಾಗುತ್ತದೆ ನೋಡಿ.

ಇನ್ನೊಬ್ಬ ಗುರುಗಳ ಹತ್ತಿರವೂ ಕಲಿಯುವ ಆಸೆ ಬಂದರೆ ಮೊದಲನೆಯವರಿಗೆ ಹೇಳಿ ಹೋಗಿ. ಮುಚ್ಚಿಟ್ಟರೆ ಎರಡನೇ ವಾರವೇ ತಿಳಿಯುತ್ತದೆ. ಬಾಯಿ ಬಿಡಬೇಕಾಗಿಲ್ಲ, ಬೆರಳೇ ಹೇಳುತ್ತದೆ.

11. ಮೊದಲ ಪಕ್ಕವಾದ್ಯ

ಐದಾರು ವರ್ಷ ಆದ ಮೇಲೆ ಒಂದು ದಿನ ಗುರುಗಳು "ಬಡಾವಣೆ ಗಣಪತಿ ಪೆಂಡಾಲಿನಲ್ಲಿ ಒಂದು ಹುಡುಗಿ ಹಾಡ್ತಾಳೆ, ನೀನು ಪಕ್ಕವಾದ್ಯಕ್ಕೆ ಕೂತ್ಕೋ" ಅನ್ನುತ್ತಾರೆ. ಅವರು ಹೇಳುವ ತನಕ ನೀವಾಗಿ ಒಪ್ಪಿಕೊಳ್ಳಬೇಡಿ.

ಹಾಡುವವರ ಶ್ರುತಿ ಮೊದಲೇ ಕೇಳಿ ತಿಳಿದುಕೊಳ್ಳಿ. ಹುಡುಗಿಯರದು ಹೆಚ್ಚಾಗಿ ಜಿ ಆಸುಪಾಸು, ಗಂಡಸರದು ಸಿ, ಡಿ ಆಸುಪಾಸು. ನಿಮ್ಮ ಅಭ್ಯಾಸದ ಶ್ರುತಿ ಬೇರೆಯಾಗಿದ್ದರೆ ಹಿಂದಿನ ದಿನವೇ ಬದಲಾಯಿಸಿ ಒಂದು ಗಂಟೆ ನುಡಿಸಿ. ತಂತಿ ಹೊಸ ಬಿಗಿಗೆ ಒಗ್ಗಲು ಸಮಯ ಬೇಕು, ಕೈಗೂ ಬೇಕು. ಅವರು ಹಾಡುವ ಕೃತಿ ನಿಮಗೆ ಬರದೇ ಇದ್ದರೆ ಗಾಬರಿ ಬೇಡ. ಮೊದಲ ಸಲ ಷಡ್ಜ ಪಂಚಮ ಹಿಡಿದು ಕೇಳಿ, ಎರಡನೇ ಸಲ ಸಾಲಿನ ಕೊನೆಯನ್ನು ಹಿಡಿಯಿರಿ, ಮೂರನೇ ಸಲ ಜೊತೆಗೆ ಹೋಗಿ. ಜೋರಾಗಿ ತಪ್ಪು ನುಡಿಸುವುದಕ್ಕಿಂತ ಮೆಲ್ಲಗೆ ಸುಮ್ಮನಿರುವುದು ಮೇಲು.

ಪೆಟ್ಟಿಗೆಯಲ್ಲಿ ರೋಸಿನ್, ಒಂದು ಹತ್ತಿ ಬಟ್ಟೆ, ಸೀಮೆಸುಣ್ಣದ ತುಂಡು, ಬಿಡಿ ತಂತಿಗಳು ಇರಲಿ. ಮಧ್ಯ ಪಂಚಮದ ತಂತಿ ಎರಡು ಇಟ್ಟುಕೊಳ್ಳಿ. ಎಲ್ಲಕ್ಕಿಂತ ತೆಳು, ಕಡಿಯುವುದು ಅದೇ, ಅದೂ ತನಿ ಆವರ್ತನಕ್ಕೆ (ಮೃದಂಗದವರು ಒಬ್ಬರೇ ನುಡಿಸುವ ಭಾಗ) ಎರಡು ನಿಮಿಷ ಇರುವಾಗಲೇ. ಕಡಿದರೆ ಎದ್ದು ಹೋಗಬೇಡಿ. ಉಳಿದ ಮೂರು ತಂತಿಯಲ್ಲಿ ಸಾಗಿಸಿ, ಮೃದಂಗದವರ ತನಿ ಶುರುವಾದ ಕೂಡಲೇ ತಲೆ ಬಗ್ಗಿಸಿ ಹೊಸದನ್ನು ಹಾಕಿ. ಗದ್ದಲದಲ್ಲಿ ಶ್ರುತಿ ಮಾಡಲು ಪಿಟೀಲಿನ ಮೈಯನ್ನು ಕಿವಿಗೆ ಒತ್ತಿಕೊಂಡು ತಂತಿಯನ್ನು ಬೆರಳಲ್ಲಿ ಮೆಲ್ಲಗೆ ಮೀಟಿ. ಪಕ್ಕದವರಿಗೆ ಕೇಳುವುದಿಲ್ಲ, ನಿಮಗೆ ಕೇಳುತ್ತದೆ.